ಖಂಡಸ್ಫುಟಿತ ಜೀರ್ಣೋದ್ಧಾರ: ಬೆಳ್ವೊಲ-ಪುಲಿಗೆರೆ ನಾಡಿನ ಹಾಳುಬಸದಿಗಳು ಕಲಿಸುವ ಪಾಠ

ಜಿನಬಿಂಬದ ಪಂಚಕಲ್ಯಾಣ ಪ್ರತಿಷ್ಠೆಯು ಶ್ರಾವಕ ಸಮಾಜದ ಬಾಳಿನಲ್ಲಿ ಒದಗಿಬರುವ ಪುಣ್ಯಸಂದರ್ಭಗಳಲ್ಲಿ ಹಿರಿದಾದುದು. ಕನ್ನಡ ನಾಡಿನಲ್ಲಿ ಇಂತಹ ಪ್ರತಿಷ್ಠೆಗಳು ಸಾವಿರದೈನೂರು ವರ್ಷಗಳಿಂದಲೂ ನಡೆದುಬಂದಿವೆ ಎಂಬುದಕ್ಕೆ ತಾಮ್ರಶಾಸನಗಳೂ ಶಿಲಾಶಾಸನಗಳೂ ಸಾಕ್ಷಿಯಾಗಿವೆ. ಅರಸರು, ದಂಡನಾಯಕರು, ಗಾವುಂಡರು, ಸೆಟ್ಟಿಗಳು, ರಾಣಿಯರು ಬಸದಿಗಳನ್ನು ಕಟ್ಟಿಸಿದರು. ಕಟ್ಟಿಸಿದ ಮೇಲೆ ಅವುಗಳ ನಿರ್ವಹಣೆಗಾಗಿ ಭೂಮಿಯನ್ನೋ ಸುಂಕದ ಉತ್ಪನ್ನವನ್ನೋ ದತ್ತಿಯಾಗಿ ಬಿಟ್ಟರು. ಬಿಟ್ಟ ದತ್ತಿಯನ್ನು ಕಲ್ಲಿನ ಮೇಲೆ ಬರೆಯಿಸಿದರು.

ಆ ದತ್ತಿಶಾಸನಗಳನ್ನು ಓದುವವರಿಗೆ ಒಂದು ಮಾತು ಮತ್ತೆ ಮತ್ತೆ ಎದುರಾಗುತ್ತದೆ. ದೇವರ ಅರ್ಚನೆಗೆ, ಋಷಿಯರ ಆಹಾರದಾನಕ್ಕೆ ಎಂದು ಹೇಳಿದ ನಂತರ ಶಾಸನಕಾರನು ‘ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ’ ಎಂದು ಸೇರಿಸುತ್ತಾನೆ. ಖಂಡವೆಂದರೆ ಮುರಿದುದು, ಸ್ಫುಟಿತವೆಂದರೆ ಬಿರುಕುಬಿಟ್ಟದ್ದು. ಮುರಿದುದನ್ನೂ ಬಿರಿದುದನ್ನೂ ಸರಿಪಡಿಸಿ, ಹಳತಾದುದನ್ನು ಮೇಲೆತ್ತುವುದಕ್ಕೆ ಈ ದತ್ತಿಯ ಒಂದು ಭಾಗ ಸಲ್ಲತಕ್ಕದ್ದು ಎಂಬುದು ಇದರ ಅರ್ಥ. ಗೋಡೆಯ ಗಾರೆ ಇನ್ನೂ ಹಸಿಯಾಗಿರುವಾಗಲೇ ಅದು ಮುಂದೊಂದು ದಿನ ಬಿರಿಯುವುದೆಂದು ತಿಳಿದು, ಅದಕ್ಕೆ ತಕ್ಕ ಏರ್ಪಾಡನ್ನು ಮಾಡಿದ ದೂರದೃಷ್ಟಿ ಆ ಪೂರ್ವಿಕರದು. ಕಟ್ಟಿದ್ದೆಲ್ಲವೂ ಪರ್ಯಾಯಗಳಲ್ಲಿ ಬದಲಾಗುತ್ತ ಹೋಗುವುದೆಂಬುದು ಜಿನಾಗಮದ ತಿಳಿವಳಿಕೆಯೂ ಹೌದಷ್ಟೆ.

ಇಷ್ಟಿದ್ದೂ ಹುಬ್ಬಳ್ಳಿಯ ಸುತ್ತಲಿನ ನಾಡಿನಲ್ಲಿ ಹಾಳಾದ ಬಸದಿಗಳ ಸಂಖ್ಯೆ ಸಣ್ಣದಲ್ಲ. ಪೂಜೆಯಿಲ್ಲದ ಗರ್ಭಗೃಹಗಳು, ಹೊಲದ ಬದುವಿನ ಶಾಸನಗಳು, ಊರ ಕಟ್ಟೆಗೆ ಒರಗಿಸಿದ ಜಿನಬಿಂಬಗಳು ಇಲ್ಲಿ ಅನೇಕ ಗ್ರಾಮಗಳಲ್ಲಿ ಕಾಣಸಿಗುತ್ತವೆ. ಇವುಗಳಲ್ಲಿ ಕೆಲವು ಹೇಗೆ ಕೆಟ್ಟವು, ಕೆಲವು ಹೇಗೆ ಮತ್ತೆ ಎದ್ದವು, ಯಾವುದರಿಂದ ಉಳಿದವು ಎಂಬುದನ್ನು ವಿಚಾರಿಸುವುದು ಪ್ರತಿಷ್ಠೆಯ ಈ ಶುಭಸಮಯಕ್ಕೆ ಒಪ್ಪುವ ಕೆಲಸವೇ ಆಗಿದೆ.

ಮುನ್ನೂರರ ನಾಡುಗಳು

ಇಂದಿನ ಧಾರವಾಡ ಮತ್ತು ಗದಗ ಜಿಲ್ಲೆಗಳ ಬಹುಭಾಗವು ಹಿಂದೆ ಎರಡು ನಾಡುಗಳಾಗಿ ಹೆಸರಾಗಿತ್ತು. ಅಣ್ಣಿಗೇರಿಯನ್ನು ಮುಖ್ಯಸ್ಥಳವಾಗಿ ಹೊಂದಿದ್ದುದು ಬೆಳ್ವೊಲ ಮುನ್ನೂರು. ಇಂದು ಲಕ್ಷ್ಮೇಶ್ವರವೆನಿಸಿಕೊಂಡಿರುವ ಪುಲಿಗೆರೆಯನ್ನು ಕೇಂದ್ರವಾಗಿ ಹೊಂದಿದ್ದುದು ಪುಲಿಗೆರೆ ಮುನ್ನೂರು. ಆದಿಕವಿ ಪಂಪನ ತಾಯಿಯ ಮನೆತನ ಅಣ್ಣಿಗೇರಿಯದು. ಅವನು ತನ್ನ ಕಾವ್ಯಕ್ಕೆ ಮಾದರಿಯೆಂದು ಹೆಮ್ಮೆಯಿಂದ ಹೇಳಿಕೊಂಡದ್ದು ಪುಲಿಗೆರೆಯ ತಿರುಳ್ಗನ್ನಡವನ್ನು. ಕನ್ನಡ ಸಾಹಿತ್ಯದ ತೌರುಮನೆ ಎನ್ನಬಹುದಾದ ಈ ಕರಿಮಣ್ಣಿನ ನಾಡೇ ಬಸದಿಗಳ ನಾಡೂ ಆಗಿತ್ತು.

ಹುಬ್ಬಳ್ಳಿಯ ಬಾಗಿಲಲ್ಲಿಯೇ ಇದಕ್ಕೆ ನಿದರ್ಶನಗಳಿವೆ. ಕಮರಿಪೇಟೆಯಿಂದ ಹೊರಟವರು ಅರ್ಧ ಗಂಟೆಯೊಳಗೆ ತಲುಪಬಹುದಾದ ಅದರಗುಂಚಿ ಗ್ರಾಮದಲ್ಲಿ ಭಾರಿ ಗಾತ್ರದ ಒಂದು ಜಿನಬಿಂಬವಿದೆ. ಊರವರು ಅದನ್ನು ‘ದೊಡ್ಡಪ್ಪ’ ಎಂದು ಕರೆಯುತ್ತಾರೆ. ಇದೇ ಊರಿನಲ್ಲಿ ದೊರೆತ ಶಕ ೮೯೩ರ, ಎಂದರೆ ಕ್ರಿ.ಶ. ೯೭೧ರ ಶಾಸನವು ರಾಷ್ಟ್ರಕೂಟ ಖೊಟ್ಟಿಗನ ಆಳ್ವಿಕೆಯದು. ಆಗ ಗಂಗ ಮಾರಸಿಂಹನು ಬೆಳ್ವೊಲ ಮತ್ತು ಪುಲಿಗೆರೆ ನಾಡುಗಳನ್ನೂ, ಪಾಂಚಲದೇವನು ಸೆಬ್ಬಿ ಮೂವತ್ತನ್ನೂ ಆಳುತ್ತಿದ್ದರೆಂದು ಅದರಿಂದ ತಿಳಿಯುತ್ತದೆ. ಆ ಸೆಬ್ಬಿಯೇ ಹುಬ್ಬಳ್ಳಿ ತಾಲೂಕಿನ ಇಂದಿನ ಛಬ್ಬಿ. ಜೈನ ಅರಸನೊಬ್ಬನ ರಾಜಧಾನಿಯಾಗಿದ್ದ ಆ ಊರಿನಲ್ಲಿ ಏಳು ಬಸದಿಗಳಿದ್ದುವೆಂಬ ಐತಿಹ್ಯವನ್ನು ಮುಂಬಯಿ ಸರಕಾರದ ಹಳೆಯ ಗೆಜೆಟಿಯರು ದಾಖಲಿಸಿದೆ. ಗಣೇಶನ ಹಬ್ಬಕ್ಕೆ ಛಬ್ಬಿಗೆ ಹೋಗಿಬರುವ ಹುಬ್ಬಳ್ಳಿಯ ಮಂದಿಯಲ್ಲಿ ಈ ಏಳು ಬಸದಿಗಳ ಮಾತು ಕೇಳಿದವರು ವಿರಳ.

ಅದರಗುಂಚಿಯ ‘ದೊಡ್ಡಪ್ಪ’ನೆಂಬ ಹೆಸರು ಕೇವಲ ತಮಾಷೆಯದೆಂದು ತಿಳಿಯಬಾರದು. ಬಸದಿಯ ಹೆಸರು ಹೋಯಿತು, ಕಟ್ಟಿಸಿದವರ ಹೆಸರು ಹೋಯಿತು, ನಿತ್ಯಪೂಜೆ ಹೋಯಿತು. ಆದರೂ ಊರವರು ಆ ಬಿಂಬವನ್ನು ಮನೆಯ ಹಿರಿಯನಂತೆ ಕರೆದು ತಮ್ಮವನಾಗಿ ಇರಿಸಿಕೊಂಡರು. ಶ್ರಾವಕರಿಲ್ಲದ ಊರುಗಳಲ್ಲಿ ಉಳಿದಿರುವ ಎಷ್ಟೋ ಬಿಂಬಗಳು ಇಂತಹ ಅನ್ಯಮತೀಯ ಗ್ರಾಮಸ್ಥರ ವಿಶ್ವಾಸದಿಂದಲೇ ಉಳಿದಿವೆ ಎಂಬುದನ್ನು ಕೃತಜ್ಞತೆಯಿಂದ ನೆನೆಯತಕ್ಕದ್ದು.

ತಾಮ್ರದ ಮೇಲೆ ಉಳಿದ ಬಸದಿ

ಈ ಪ್ರದೇಶದ ಅತಿ ಹಳೆಯ ಜಿನಾಲಯಗಳ ದಾಖಲೆಯನ್ನು ಬಯಸುವವರು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಹಲಸಿಗೆ ಹೋಗಬೇಕು. ಕದಂಬರ ಕಾಲದಲ್ಲಿ ಇದರ ಹೆಸರು ಪಲಾಸಿಕಾ. ಐದನೆಯ ಶತಮಾನದ ಕದಂಬ ಅರಸು ಮೃಗೇಶವರ್ಮನು ತನ್ನ ತಂದೆ ಶಾಂತಿವರ್ಮನ ಪುಣ್ಯಾರ್ಥವಾಗಿ ಅಲ್ಲಿ ಜಿನಾಲಯವನ್ನು ಕಟ್ಟಿಸಿ, ಯಾಪನೀಯ, ನಿರ್ಗ್ರಂಥ ಮತ್ತು ಕೂರ್ಚಕ ಸಂಘಗಳಿಗೆ ಮೂವತ್ತಮೂರು ನಿವರ್ತನ ಭೂಮಿಯನ್ನು ದಾನಮಾಡಿದನು. ಅವನ ಮಗ ರವಿವರ್ಮನು ಕಾರ್ತಿಕ ಮಾಸದ ಎಂಟು ದಿನಗಳ ಜಿನಪೂಜಾ ಮಹೋತ್ಸವಕ್ಕೂ, ಮಳೆಗಾಲದ ನಾಲ್ಕು ತಿಂಗಳು ಮುನಿಗಳ ಆಹಾರಕ್ಕೂ ಒಂದು ಗ್ರಾಮದ ಉತ್ಪನ್ನವನ್ನು ಗೊತ್ತುಮಾಡಿದನು. ಇಂದಿನ ಆಷ್ಟಾಹ್ನಿಕ ಪರ್ವವೂ ಚಾತುರ್ಮಾಸದ ಆಹಾರದಾನವೂ ಎಷ್ಟು ಹಿಂದಿನ ಸಂಪ್ರದಾಯಗಳೆಂಬುದು ಇದರಿಂದ ವಿದಿತವಾಗುತ್ತದೆ.

ಹಲಸಿಯ ಈ ತಾಮ್ರಪಟಗಳು ಹತ್ತೊಂಬತ್ತನೆಯ ಶತಮಾನದಲ್ಲಿ ದೊರೆತವು. ಅರಸನ ಅರಮನೆ ಉಳಿಯಲಿಲ್ಲ. ಅಂಗೈಯಗಲದ ತಗಡುಗಳು ಉಳಿದವು. ಅವುಗಳಿಲ್ಲದಿದ್ದರೆ ಪಲಾಸಿಕೆಯಲ್ಲಿ ಮೂರು ಸಂಘಗಳ ಮುನಿಗಳು ಒಂದೇ ದತ್ತಿಯನ್ನು ಹಂಚಿಕೊಂಡು ಬಾಳಿದ್ದರೆಂಬ ಸಂಗತಿ ಯಾರಿಗೂ ತಿಳಿಯುತ್ತಿರಲಿಲ್ಲ.

ಐಹೊಳೆಯ ಮೇಗುಟಿಯ ಸಂಗತಿಯೂ ಇದಕ್ಕೆ ಸಮಾನವಾದುದು. ಇಮ್ಮಡಿ ಪುಲಕೇಶಿಯ ಕಾಲದಲ್ಲಿ ರವಿಕೀರ್ತಿಯು ಗುಡ್ಡದ ಮೇಲೆ ಕಟ್ಟಿಸಿದ ಈ ಜಿನಾಲಯದ ಗೋಡೆಯಲ್ಲಿ ಶಕ ೫೫೬ರ, ಎಂದರೆ ಕ್ರಿ.ಶ. ೬೩೪ರ ಶಾಸನವಿದೆ. ಕಾಳಿದಾಸ ಭಾರವಿಯರ ಹೆಸರು ಬರುವ ಆ ಶಾಸನದಿಂದಾಗಿ ಭಾರತದ ಇತಿಹಾಸದ ಕಾಲಗಣನೆಗೇ ಒಂದು ಭದ್ರವಾದ ಗೂಟ ದೊರೆತಂತಾಯಿತು. ಅಲ್ಲಿಯ ಸುಂದರವಾದ ಅಂಬಿಕಾ ವಿಗ್ರಹವು ಈಗ ಐಹೊಳೆಯ ವಸ್ತುಸಂಗ್ರಹಾಲಯದಲ್ಲಿದೆ.

ಒಬ್ಬ ವ್ಯಾಪಾರಿಯ ಬಸದಿ

ಗದಗ ತಾಲೂಕಿನ ಮುಳಗುಂದವು ವರ್ತಕ ಸಮಾಜದವರು ವಿಶೇಷವಾಗಿ ನೆನೆಯಬೇಕಾದ ಕ್ಷೇತ್ರ. ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲದಲ್ಲಿ, ಶಕ ೮೨೪ರಲ್ಲಿ (ಕ್ರಿ.ಶ. ೯೦೨), ವೈಶ್ಯ ಕುಲದ ಚಂದ್ರಾರ್ಯನ ಮಗನಾದ ಚಿಕಾರ್ಯನು ಇಲ್ಲಿ ಉನ್ನತವಾದ ಜಿನಾಲಯವನ್ನು ಕಟ್ಟಿಸಿದನು. ಅವನ ಮಗ ಅರಸಾರ್ಯನು ಅದಕ್ಕೆ ಭೂಮಿಯನ್ನು ಬಿಟ್ಟನು. ಕನಕಸೇನ ಮುನಿಗಳು ಅದನ್ನು ಸ್ವೀಕರಿಸಿದರು. ತಂದೆ ಕಟ್ಟಿಸಿದನು, ಮಗ ನಡೆಸುವ ಏರ್ಪಾಡು ಮಾಡಿದನು. ಕಟ್ಟಿಸಿದವನ ಹೆಸರಿನೊಂದಿಗೆ ನಡೆಸಿದವನ ಹೆಸರೂ ಕಲ್ಲಿನಲ್ಲಿ ಉಳಿಯಿತು.

ಈ ಏರ್ಪಾಡಿನ ಫಲವೋ ಎಂಬಂತೆ ಮುಳಗುಂದವು ತಲೆಮಾರುಗಳವರೆಗೆ ವಿದ್ಯಾಕೇಂದ್ರವಾಗಿ ಬೆಳೆಯಿತು. ಮಲ್ಲಿಷೇಣಸೂರಿಗಳು ಶಕ ೯೬೯ರಲ್ಲಿ (ಕ್ರಿ.ಶ. ೧೦೪೭) ಸಂಸ್ಕೃತದ ಮಹಾಪುರಾಣವನ್ನು ಮುಗಿಸಿದ್ದು ಇಲ್ಲಿ. ೧೧೧೨ರಲ್ಲಿ ‘ಧರ್ಮಾಮೃತ’ವನ್ನು ರಚಿಸಿ, ಸಂಸ್ಕೃತವನ್ನು ಬೇಕಿಲ್ಲದೆ ಬೆರೆಸಬಾರದೆಂದು ವಾದಿಸಿದ ನಯಸೇನನೂ ಈ ಊರಿನವನೇ. ಒಬ್ಬ ವ್ಯಾಪಾರಿಯ ಮನೆತನ ಇಟ್ಟ ಕಲ್ಲಿನ ನೆರಳಿನಲ್ಲಿ ಎರಡು ಶತಮಾನಗಳ ನಂತರವೂ ಗ್ರಂಥಗಳು ಹುಟ್ಟುತ್ತಿದ್ದುವೆಂದರೆ, ಆ ದತ್ತಿಯ ಲಾಭವನ್ನು ಯಾವ ಖಾತೆಯಲ್ಲಿ ಬರೆಯಬೇಕು?

ಸುಟ್ಟದ್ದು ಮತ್ತೆ ಎದ್ದದ್ದು

ಬಸದಿಗಳ ನಾಶಕ್ಕೆ ಯುದ್ಧವು ಒಂದು ಕಾರಣವೆಂಬುದಕ್ಕೆ ಅಣ್ಣಿಗೇರಿಯ ಕಥೆ ಸ್ಪಷ್ಟವಾದ ಆಧಾರ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಅಕ್ಕ ರೇವಕನಿಮ್ಮಡಿಯನ್ನು ಮದುವೆಯಾದ ಗಂಗರ ಬೂತುಗನಿಗೆ ಬೆಳ್ವೊಲ ಮತ್ತು ಪುಲಿಗೆರೆ ನಾಡುಗಳು ಬಳುವಳಿಯಾಗಿ ಬಂದುವು. ಆ ಗಂಗ ಪೆರ್ಮಾಡಿಯ ಹೆಸರಿನ ಜಿನಾಲಯವು ಅಣ್ಣಿಗೇರಿಯಲ್ಲಿ ತಲೆಯೆತ್ತಿತು. ಅದಕ್ಕೆ ಹಳ್ಳಿಗಳ ಉತ್ಪನ್ನವೂ ಸಂದಿತು. ಹನ್ನೊಂದನೆಯ ಶತಮಾನದಲ್ಲಿ ಚೋಳರ ಸೇನೆ ಬೆಳ್ವೊಲಕ್ಕೆ ನುಗ್ಗಿ ಇಲ್ಲಿಯ ಜಿನಾಲಯಗಳನ್ನು ಸುಟ್ಟಿತು. ಹಾಗೆ ಮಾಡಿದ ಚೋಳನು ಚಾಲುಕ್ಯರೊಡನೆ ಹೋರಾಡಿ ರಣದಲ್ಲಿ ತಲೆಯನ್ನು ಕಳೆದುಕೊಂಡನೆಂದು ಶಾಸನವು ಹೇಳುತ್ತದೆ. ೧೦೫೪ರ ಕೊಪ್ಪದ ಕಾಳಗದಲ್ಲಿ ಮಡಿದ ರಾಜಾಧಿರಾಜನೇ ಇವನು.

ಶತ್ರುವಿನ ಸೋಲಿನಿಂದ ಬಸದಿಯೇನೂ ತಾನಾಗಿ ಎದ್ದು ನಿಲ್ಲಲಿಲ್ಲ. ಎರಡನೆಯ ಸೋಮೇಶ್ವರನ ಕಾಲದಲ್ಲಿ ಬೆಳ್ವೊಲವನ್ನು ಆಳುತ್ತಿದ್ದ ಮಹಾಮಂಡಳೇಶ್ವರ ಲಕ್ಷ್ಮರಸನು ಅದನ್ನು ಮತ್ತೆ ಎತ್ತಿಸಿದನು. ತಪ್ಪಿಹೋಗಿದ್ದ ದತ್ತಿಯನ್ನು ನೆಲೆಗೊಳಿಸಿ ತ್ರಿಭುವನಚಂದ್ರ ಮುನಿಗಳಿಗೆ ಒಪ್ಪಿಸಿದನು. ೧೦೭೧-೭೨ರ ಈ ವೃತ್ತಾಂತವು ಅಣ್ಣಿಗೇರಿಯಲ್ಲಿಯೂ ಗದಗ ತಾಲೂಕಿನ ಗಾವರವಾಡದಲ್ಲಿಯೂ ಕಲ್ಲಿನ ಮೇಲಿದೆ. ದೇವಾಲಯವಿದ್ದ ಊರಿನಲ್ಲಿ ಒಂದು, ದತ್ತಿಯ ಭೂಮಿಯಿದ್ದ ಊರಿನಲ್ಲಿ ಇನ್ನೊಂದು. ಒಂದು ಕಲ್ಲು ಅಳಿದರೂ ಇನ್ನೊಂದು ಸಾಕ್ಷಿ ನುಡಿಯಲೆಂಬ ಅನುಕೂಲ ಇದರಿಂದ ಆಯಿತು.

ಸುಟ್ಟುಹೋದ ಬಳಿಕ ಲಕ್ಷ್ಮರಸನ ಕಾರ್ಯದವರೆಗೆ ಎಷ್ಟೋ ಮಳೆಗಾಲಗಳು ಕಳೆದಿದ್ದುವು. ಅಷ್ಟು ಕಾಲ ಅಣ್ಣಿಗೇರಿಯ ಶ್ರಾವಕರು ತಮ್ಮ ಬಸದಿಯ ಹಳೆಯ ಹಕ್ಕನ್ನು ಮರೆಯದೆ ಇದ್ದುದರಿಂದಲೇ ಮಂಡಳೇಶ್ವರನಿಗೆ ಎತ್ತಿ ನಿಲ್ಲಿಸಲು ಏನಾದರೂ ಉಳಿದಿತ್ತು ಎನ್ನಬೇಕು. ಅಣ್ಣಿಗೇರಿಯಲ್ಲಿ ಇಂದಿಗೂ ಪಾರ್ಶ್ವನಾಥ ಬಸದಿಯಿದೆ.

ಹಳೆಯ ಕಾಗದದ ಬಲ

ಕುಂದಗೋಳ ತಾಲೂಕಿನ ಗುಡಿಗೇರಿಯ ಶಾಸನವು ಯುದ್ಧದ ಮಾತನ್ನಾಡುವುದಿಲ್ಲ. ಅದು ದಸ್ತಾವೇಜಿನ ಮಾತನ್ನಾಡುತ್ತದೆ. ಬಾದಾಮಿ ಚಾಲುಕ್ಯ ಚಕ್ರವರ್ತಿ ವಿಜಯಾದಿತ್ಯನ (ಕ್ರಿ.ಶ. ೬೯೬-೭೩೩) ತಂಗಿ ಕುಂಕುಮ ಮಹಾದೇವಿಯು ಪುಲಿಗೆರೆಯಲ್ಲಿ ಆನೆಸೆಜ್ಜೆಯ ಬಸದಿಯನ್ನು ಕಟ್ಟಿಸಿದ್ದಳು. ಅದಕ್ಕೆ ಸೇರಿದ ಭೂಮಿ ಗುಡಿಗೇರಿಯಲ್ಲಿತ್ತು. ಸುಮಾರು ಮುನ್ನೂರೈವತ್ತು ವರ್ಷಗಳ ನಂತರ, ಶಕ ೯೯೮ರಲ್ಲಿ (ಕ್ರಿ.ಶ. ೧೦೭೬), ಶ್ರೀನಂದಿ ಪಂಡಿತರು ಹಳೆಯ ತಾಮ್ರಶಾಸನದ ಆಧಾರದ ಮೇಲೆ ಆ ಭೂಮಿಯನ್ನು ಮತ್ತೆ ಸ್ವಾಧೀನಪಡಿಸಿಕೊಂಡರು. ಅದರಲ್ಲಿ ಹದಿನೈದು ಮತ್ತರು ಭೂಮಿಯನ್ನು ತಮ್ಮ ಶಿಷ್ಯ ಸಿಂಗಯ್ಯನಿಗೆ ಒಪ್ಪಿಸಿ, ಅದರ ಉತ್ಪನ್ನದಿಂದ ಋಷಿಯರ ಆಹಾರದಾನ ನಡೆಯಬೇಕೆಂದು ಕಟ್ಟುಮಾಡಿದರು.

ಮುನ್ನೂರೈವತ್ತು ವರ್ಷ ಹಳೆಯದಾದ ಪಟ್ಟೆಯನ್ನು ಜೋಪಾನ ಮಾಡಿದವರು ಯಾರೆಂಬುದು ಶಾಸನದಲ್ಲಿ ಬರುವುದಿಲ್ಲ. ರಾಜವಂಶಗಳು ಎರಡು ಸಾರಿ ಬದಲಾದುವು. ಚಾಲುಕ್ಯರು ಹೋಗಿ ರಾಷ್ಟ್ರಕೂಟರು ಬಂದರು. ರಾಷ್ಟ್ರಕೂಟರು ಹೋಗಿ ಕಲ್ಯಾಣದ ಚಾಲುಕ್ಯರು ಬಂದರು. ಅಷ್ಟರ ನಡುವೆಯೂ ತಾಮ್ರದ ಆ ಪತ್ರ ಕಳೆಯಲಿಲ್ಲ. ಭೂಮಿ ಉಳಿಯುವುದು ಪತ್ರದಿಂದ, ಬಸದಿ ಉಳಿಯುವುದು ಭೂಮಿಯಿಂದ ಎಂಬ ವ್ಯವಹಾರಜ್ಞಾನವು ಆ ನಿರ್ಗ್ರಂಥ ಸಂಪ್ರದಾಯದ ಗುರುಗಳಲ್ಲಿಯೂ ಇತ್ತು; ಅದು ಧರ್ಮಕ್ಕೆ ಹೊರಗಾದುದೆಂದು ಅವರು ಎಣಿಸಲಿಲ್ಲ.

ನರಗುಂದದ ಬಳಿಯ ಕೊಣ್ಣೂರಿನಲ್ಲಿ ಇದೇ ಎಚ್ಚರದ ಇನ್ನೊಂದು ರೂಪವಿದೆ. ಅಮೋಘವರ್ಷ ನೃಪತುಂಗನ ದಂಡನಾಯಕ ಬಂಕೆಯನು ಕೊಳನೂರಿನಲ್ಲಿ ಕಟ್ಟಿಸಿದ ಜಿನಾಲಯಕ್ಕೆ ಅರಸನು ೮೬೦ರಲ್ಲಿ ತಳೆಯೂರು ಗ್ರಾಮವನ್ನು ಕೊಟ್ಟನೆಂದು ಅಲ್ಲಿಯ ಶಿಲಾಶಾಸನ ಹೇಳುತ್ತದೆ. ಈ ಕಲ್ಲಿನ ಬರಹ ಆ ಕಾಲದ್ದಲ್ಲ. ಮೇಘಚಂದ್ರರ ಶಿಷ್ಯ ವೀರನಂದಿ ಮುನಿಗಳ ಅಪೇಕ್ಷೆಯಂತೆ ತಾಮ್ರಪಟದಿಂದ ಕಲ್ಲಿಗೆ ಇಳಿಸಿದ ಪ್ರತಿ ಅದು. ಇಂದಿನವರು ಹಳೆಯ ಕಾಗದವನ್ನು ಛಾಯಾಪ್ರತಿ ಮಾಡಿಸಿಡುವ ಹಾಗೆಯೇ ಅಂದಿನವರು ತಾಮ್ರವನ್ನು ಕಲ್ಲಿಗೆ ಎತ್ತಿದರು.

ದೂರದವನು ಮಾಡಿದ ಜೀರ್ಣೋದ್ಧಾರ

ಹಾವೇರಿ ಜಿಲ್ಲೆಯ ಬಂಕಾಪುರವನ್ನು ಇಂದಿನ ಜನರು ನವಿಲುಧಾಮಕ್ಕಾಗಿಯೂ ಕೋಟೆಯೊಳಗಿನ ನಗರೇಶ್ವರ ದೇವಾಲಯಕ್ಕಾಗಿಯೂ ಬಲ್ಲರು. ಜೈನ ಇತಿಹಾಸದಲ್ಲಿ ಅದರ ಸ್ಥಾನ ಬೇರೆ. ಗುಣಭದ್ರಾಚಾರ್ಯರ ಉತ್ತರಪುರಾಣದ ಪ್ರಶಸ್ತಿಯಲ್ಲಿ ಶಕ ೮೨೦ರ (ಕ್ರಿ.ಶ. ೮೯೮) ಕಾಲಕ್ಕೆ ಬಂಕಾಪುರವು ಲೋಕಾದಿತ್ಯನ ರಾಜಧಾನಿಯಾಗಿ ಬರುತ್ತದೆ. ಚಾವುಂಡರಾಯನಿಗೂ ಕವಿ ರನ್ನನಿಗೂ ಗುರುಗಳಾಗಿದ್ದ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಗಂಗ ಮಾರಸಿಂಹನು ೯೭೪ರ ಸುಮಾರಿಗೆ ಸಲ್ಲೇಖನದಿಂದ ದೇಹವನ್ನು ಬಿಟ್ಟದ್ದು ಈ ಬಂಕಾಪುರದಲ್ಲಿಯೇ. ಅದರಗುಂಚಿಯ ಶಾಸನದಲ್ಲಿ ನಾಡನ್ನು ಆಳುತ್ತಿದ್ದ ಮಾರಸಿಂಹನೇ ಇವನು.

ಇಂತಹ ಬಂಕಾಪುರದ ಬಸದಿಗಳೂ ಇನ್ನೂರು ವರ್ಷ ಕಳೆಯುವುದರೊಳಗೆ ಕುಸಿದುವು. ಆಗ ಅವನ್ನು ಎತ್ತಿಸಿದವನು ಈ ನಾಡಿನವನಲ್ಲ. ಹೊಯ್ಸಳ ನರಸಿಂಹನ ಭಂಡಾರಿಯಾಗಿದ್ದು, ಶ್ರವಣಬೆಳಗೊಳದಲ್ಲಿ ೧೧೫೯ರ ಭಂಡಾರಿ ಬಸದಿಯನ್ನು ಕಟ್ಟಿಸಿದ ಹುಳ್ಳರಾಜನೇ ಅವನು. ಬಂಕಾಪುರದಲ್ಲಿ ಪೂರ್ತಿಯಾಗಿ ಹಾಳಾಗಿದ್ದ ಹಳೆಯ ಜಿನಾಲಯವನ್ನು ಅವನು ಹೊಸದೆಂಬಂತೆ ಮಾಡಿಸಿದನೆಂದೂ, ಕೊಪಣದಲ್ಲಿ, ಎಂದರೆ ಇಂದಿನ ಕೊಪ್ಪಳದಲ್ಲಿ, ಮುನಿಸಂಘಕ್ಕೆ ವೃತ್ತಿಯನ್ನು ಏರ್ಪಡಿಸಿದನೆಂದೂ ಬೆಳಗೊಳದ ಶಾಸನದಿಂದ ತಿಳಿಯುತ್ತದೆ. ತನ್ನ ಹೆಸರಿನಲ್ಲಿ ಹೊಸದನ್ನು ಕಟ್ಟಿಸುವ ಶಕ್ತಿಯಿದ್ದವನು ಮತ್ತೊಬ್ಬರು ಕಟ್ಟಿಸಿದ್ದ ಹಳೆಯದಕ್ಕೂ ಧನವನ್ನು ವಿನಿಯೋಗಿಸಿದನೆಂಬುದು ಗಮನಾರ್ಹ.

ಲಕ್ಕುಂಡಿಯ ಮನೆಮನೆಯ ಕಲ್ಲುಗಳು

ಗದಗಿನಿಂದ ಪೂರ್ವಕ್ಕೆ ಹನ್ನೆರಡು ಕಿಲೋಮೀಟರ್ ದೂರದ ಲಕ್ಕುಂಡಿಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ೧೦೦೭ರಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದಳು. ರನ್ನನಿಂದ ಅಜಿತಪುರಾಣವನ್ನು ಬರೆಯಿಸಿದವಳು, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದವಳು ಇವಳೇ. ಓಲೆಗರಿಯ ಕಾಲದಲ್ಲಿ ಒಂದು ಗ್ರಂಥವು ಅಳಿಯದಂತೆ ಸಾವಿರ ಪ್ರತಿ ಮಾಡಿಸುವುದೆಂದರೆ ಅದೂ ಒಂದು ಬಗೆಯ ಜೀರ್ಣೋದ್ಧಾರವೇ. ಕೆಡುವುದಕ್ಕೆ ಮುಂಚೆಯೇ ಮಾಡಿದ ಜೀರ್ಣೋದ್ಧಾರ.

ಲಕ್ಕುಂಡಿಯ ಬಸದಿಯು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಆದರೆ ಊರಿನ ಬೇರೆ ಬೇರೆ ಗುಡಿ-ಬಸದಿಗಳ ಬಿಡಿ ಕಲ್ಲುಗಳು ಶತಮಾನಗಳ ಕಾಲ ಮನೆಗಳ ಗೋಡೆಯಲ್ಲಿ, ಹಿತ್ತಲಿನಲ್ಲಿ, ಬೀದಿಯ ಬದಿಯಲ್ಲಿ ಹರಡಿಕೊಂಡಿದ್ದುವು. ೨೦೨೪ರ ನವೆಂಬರಿನಲ್ಲಿ ಊರಿನೊಳಗೆ ಸಂಚರಿಸಿ ಇಂತಹ ಅವಶೇಷಗಳನ್ನು ಸಂಗ್ರಹಿಸುವ ಕಾರ್ಯ ನಡೆಯಿತು. ೨೦೨೫ರಲ್ಲಿ ರಾಜ್ಯ ಸರಕಾರದ ವತಿಯಿಂದ ಉತ್ಖನನಕ್ಕೂ ಚಾಲನೆ ದೊರೆಯಿತು. ಮೇವಿನ ಬಣವೆಯ ಬುಡದಲ್ಲಿದ್ದ ಕಲ್ಲು ಕೂಡ ಇತಿಹಾಸದ ಹಾಳೆಯಾಗಿರಬಹುದೆಂಬ ಅರಿವು ಜನಸಾಮಾನ್ಯರಲ್ಲಿ ಮೂಡುತ್ತಿರುವುದು ಸಂತೋಷದ ಸಂಗತಿ.

ಕೆಡಲು ಕಾರಣಗಳು

ಹಾಳುಬಸದಿಯನ್ನು ಕಂಡೊಡನೆ ಯಾರೋ ಶತ್ರುಗಳು ಒಡೆದರೆಂದು ಹೇಳಿಬಿಡುವುದು ಸುಲಭ. ಅಣ್ಣಿಗೇರಿಯಂತಹ ಕಡೆ ಅದು ನಿಜವೂ ಹೌದು. ಆದರೆ ಎಲ್ಲವನ್ನೂ ಯುದ್ಧದ ಲೆಕ್ಕಕ್ಕೆ ಹಾಕುವುದು ಸರಿಯಾಗಲಾರದು. ರಾಜಧಾನಿಗಳು ಸ್ಥಳಾಂತರಗೊಂಡಾಗ ವ್ಯಾಪಾರವೂ ಅವುಗಳ ಹಿಂದೆ ಹೋಯಿತು; ವ್ಯಾಪಾರದ ಹಿಂದೆ ಶ್ರಾವಕರ ಮನೆಗಳೂ ಹೋದುವು. ಹನ್ನೆರಡನೆಯ ಶತಮಾನದ ನಂತರ ನಾಡಿನಲ್ಲಿ ಧರ್ಮಶ್ರದ್ಧೆಯ ಹರಿವು ಬೇರೆ ದಿಕ್ಕುಗಳನ್ನು ಹಿಡಿಯಿತು; ಕೆಲವು ಬಸದಿಗಳು ಬೇರೆ ದೇವರ ಗುಡಿಗಳಾಗಿ ಪೂಜೆಗೊಂಡುವು. ದತ್ತಿಯ ಭೂಮಿ ಕೈಬಿಟ್ಟುಹೋದ ಕಡೆ ದೀಪಕ್ಕೆ ಎಣ್ಣೆಯಿಲ್ಲದಾಯಿತು.

ಮನುಷ್ಯನು ಮುಟ್ಟದಿದ್ದರೂ ಕೆಡಿಸುವ ಶಕ್ತಿಗಳಿವೆ. ಈ ಪ್ರದೇಶದ ಹಳೆಯ ಬಸದಿಗಳಲ್ಲಿ ಕಲ್ಲಿನ ಮೇಲೆ ಕಲ್ಲನ್ನು ಗಾರೆಯಿಲ್ಲದೆ ಕೂರಿಸಿದ್ದಾರೆ. ಮಾಳಿಗೆಯ ಸಂದಿನಲ್ಲಿ ಹಕ್ಕಿ ಉದುರಿಸಿದ ಅರಳಿಯ ಬೀಜವೊಂದು ಮೊಳೆತರೆ, ಅದರ ಬೇರು ವರ್ಷವರ್ಷಕ್ಕೆ ದಪ್ಪವಾಗಿ ಕಲ್ಲುಗಳನ್ನು ಅಗಲಿಸುತ್ತದೆ. ಅಗಲಿದ ಸಂದಿನಿಂದ ಮಳೆಯ ನೀರು ಒಳಗಿಳಿಯುತ್ತದೆ. ಕರಿಮಣ್ಣಿನ ನೆಲವು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿದು ಅಡಿಪಾಯವನ್ನು ಅಲುಗಿಸುತ್ತದೆ. ಮೊಳಕೆಯಾಗಿದ್ದಾಗ ಎರಡು ಬೆರಳಿನಿಂದ ಕೀಳಬಹುದಾಗಿದ್ದ ಸಸಿಯು ಐವತ್ತು ವರ್ಷಗಳಲ್ಲಿ ಗರ್ಭಗೃಹವನ್ನೇ ಸೀಳುತ್ತದೆ. ಖಂಡಸ್ಫುಟಿತಕ್ಕೆ ದತ್ತಿಯಿದ್ದ ಕಾಲದಲ್ಲಿ ಆ ಸಸಿಯನ್ನು ಕೀಳುವ ಒಬ್ಬನಿದ್ದನು. ದತ್ತಿ ನಿಂತಮೇಲೆ ಅವನೂ ಇಲ್ಲವಾದನು.

ಇದು ಕನ್ನಡ ನಾಡಿಗೆ ಮಾತ್ರ ಸೀಮಿತವಾದ ದುರ್ದೈವವಲ್ಲ. ಹಿಮಾಲಯದ ಮಡಿಲಿನ ಕಾಶ್ಮೀರದಲ್ಲಿ ಎಂಟನೆಯ ಶತಮಾನದ ಲಲಿತಾದಿತ್ಯನ ಮಾರ್ತಾಂಡ ದೇವಾಲಯವು ಮಾಡಿಲ್ಲದೆ ನಿಂತಿದೆ. ಒಂಬತ್ತನೆಯ ಶತಮಾನದ ಅವಂತಿವರ್ಮನು ಕಟ್ಟಿಸಿದ ಅವಂತಿಪುರದ ಗುಡಿಗಳು ಹೂಳಿನಲ್ಲಿ ಹುದುಗಿಹೋಗಿ, ಇಪ್ಪತ್ತನೆಯ ಶತಮಾನದ ಉತ್ಖನನದಲ್ಲಿ ಬೆಳಕು ಕಂಡುವು. ಅವುಗಳನ್ನು ಕಟ್ಟಿಸಿದವರ ಹೆಸರು ಇಂದು ತಿಳಿದಿರುವುದು ಹನ್ನೆರಡನೆಯ ಶತಮಾನದಲ್ಲಿ ಕಲ್ಹಣನು ರಾಜತರಂಗಿಣಿಯಲ್ಲಿ ಬರೆದಿಟ್ಟುದರಿಂದ. ಅಲ್ಲಿ ಒಬ್ಬ ಕವಿ ಮಾಡಿದ ಉಪಕಾರವನ್ನು ಇಲ್ಲಿ ಊರೂರಿನ ಶಾಸನಕಾರರು ಮಾಡಿದ್ದಾರೆ.

ಓದಿ ಉಳಿಸಿದವರು

ಆ ಶಾಸನಗಳನ್ನು ಓದಿ ಲೋಕಕ್ಕೆ ತಿಳಿಸಿದ ಮಹನೀಯರ ಋಣವೂ ಸಮಾಜದ ಮೇಲಿದೆ. ಧಾರವಾಡದಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ ಅವರು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ೫೯೫ ಶಾಸನಗಳ ನಕಲುಗಳನ್ನು ಮಾಡಿಸಿ ಸಂಪುಟಗಳಾಗಿ ಕೂಡಿಸಿದರು. ಜೆ. ಎಫ್. ಫ್ಲೀಟ್ ಅವರು ಹಲಸಿಯಿಂದ ಹಿಡಿದು ಅನೇಕ ಊರುಗಳ ಶಾಸನಗಳನ್ನು ಪ್ರಕಟಿಸಿದರು. ಹೆನ್ರಿ ಕಜಿನ್ಸ್ ಅವರ ಚಾಲುಕ್ಯ ವಾಸ್ತುಶಿಲ್ಪದ ಗ್ರಂಥವು ೧೯೨೬ರಲ್ಲಿ ಹೊರಬಂದಿತು. ೧೯೩೯ರಲ್ಲಿ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆ ಸ್ಥಾಪಿತವಾಗಿ, ಆರ್. ಎಸ್. 

ಪಂಚಮುಖಿಯವರ ನೇತೃತ್ವದಲ್ಲಿ ಶಾಸನಗಳ ಶೋಧ ಮುಂದುವರಿಯಿತು. ಪಿ. ಬಿ. ದೇಸಾಯಿಯವರು ದಕ್ಷಿಣ ಭಾರತದ ಜೈನಧರ್ಮವನ್ನೂ ಜೈನ ಶಾಸನಗಳನ್ನೂ ಕುರಿತು ಬರೆದ ಗ್ರಂಥವನ್ನು ೧೯೫೭ರಲ್ಲಿ ಸೋಲಾಪುರದ ಜೈನ ಸಂಸ್ಕೃತಿ ಸಂರಕ್ಷಕ ಸಂಘವು ಪ್ರಕಟಿಸಿತು. ಇವರಲ್ಲಿ ಹೆಚ್ಚಿನವರು ಜನ್ಮತಃ ಜೈನರಲ್ಲ. ಸತ್ಯವನ್ನು ತಿಳಿಯಬೇಕೆಂಬ ಹಂಬಲವೇ ಅವರನ್ನು ಈ ಹಾಳುಗುಡಿಗಳ ಬಾಗಿಲಿಗೆ ಕರೆತಂದಿತು.

ಇಂದಿನ ಕರ್ತವ್ಯ

ಹೀಗಿರುವಲ್ಲಿ ಶ್ರಾವಕರ ಕರ್ತವ್ಯವೇನು? ಹಾಳಾದ ಬಸದಿಗಳೆಲ್ಲವನ್ನೂ ಮತ್ತೆ ಕಟ್ಟುವುದು ಸಾಧ್ಯವೂ ಅಲ್ಲ, ಅನೇಕ ಕಡೆ ಯುಕ್ತವೂ ಅಲ್ಲ. ಮೊದಲನೆಯದಾಗಿ, ಭಕ್ತಿಯ ಹೆಸರಿನಲ್ಲಿ ಆಗುವ ಹಾನಿಯನ್ನು ನಿಲ್ಲಿಸಬೇಕು. ಪ್ರಾಚೀನ ಗೋಡೆಗೆ ಎಣ್ಣೆಬಣ್ಣ ಬಳಿಯುವುದು, ಶಾಸನದ ಮೇಲೆ ಸುಣ್ಣ ಹೊಡೆಯುವುದು, ಬಿರುಕಿಗೆ ಸಿಮೆಂಟು ಮೆತ್ತುವುದು, ನೆಲದ ಹಳೆಯ ಚಪ್ಪಡಿಯನ್ನು ಕಿತ್ತು ಹೊಳೆಯುವ ಕಲ್ಲನ್ನು ಹಾಸುವುದು ಜೀರ್ಣೋದ್ಧಾರವೆನಿಸುವುದಿಲ್ಲ. ಸಿಮೆಂಟು ಹಳೆಯ ಕಲ್ಲಿನೊಳಗಿನ ತೇವವನ್ನು ಹೊರಹೋಗಲು ಬಿಡದೆ ಅದನ್ನು ಒಳಗಿನಿಂದ ಪುಡಿಮಾಡುತ್ತದೆ. ಬಣ್ಣದ ಕೆಳಗೆ ಸೇರಿದ ಅಕ್ಷರವನ್ನು ಯಾವ ವಿದ್ವಾಂಸನೂ ಓದಲಾರನು.

ಎರಡನೆಯದಾಗಿ, ಕಾನೂನಿನ ಅರಿವು ಇರಬೇಕು. ೧೯೫೮ರ ಪ್ರಾಚೀನ ಸ್ಮಾರಕಗಳ ಕಾಯಿದೆಯಂತೆ ಕೇಂದ್ರರಕ್ಷಿತ ಬಸದಿಗಳಲ್ಲಿ ಇಲಾಖೆಯ ಅನುಮತಿಯಿಲ್ಲದೆ ಕೈಯಾಡಿಸಲಾಗದು. ೨೦೧೦ರ ತಿದ್ದುಪಡಿಯಂತೆ ಅವುಗಳ ಸುತ್ತಲಿನ ೧೦೦ ಮೀಟರ್ ನಿಷೇಧಿತ ವಲಯ, ಅದರಾಚೆಯ ೨೦೦ ಮೀಟರ್ ನಿಯಂತ್ರಿತ ವಲಯ. ನೂರು ವರ್ಷಕ್ಕಿಂತ ಹಳೆಯದಾದ ಶಿಲ್ಪಗಳಿಗೆ ೧೯೭೨ರ ಪುರಾವಸ್ತುಗಳ ಕಾಯಿದೆ ಅನ್ವಯಿಸುತ್ತದೆ. ಹೊಲದಲ್ಲಿ ಬಿಂಬ ದೊರೆತರೆ ಅದನ್ನು ರಾತ್ರೋರಾತ್ರಿ ಎತ್ತಿ ತರುವುದಕ್ಕಿಂತ, ದೊರೆತ ಸ್ಥಳದ ವಿವರವನ್ನು ಬರೆದು ಇಲಾಖೆಗೆ ತಿಳಿಸುವುದು ಮೇಲು. ಸ್ಥಳ ತಪ್ಪಿದ ಬಿಂಬವು ತನ್ನ ಇತಿಹಾಸವನ್ನು ಅರ್ಧ ಕಳೆದುಕೊಂಡಂತೆ.

ಮೂರನೆಯದು ಮತ್ತು ಮುಖ್ಯವಾದುದು, ಹಣದ ಏರ್ಪಾಡು. ಪ್ರತಿಷ್ಠೆಯ ಕಾಲದಲ್ಲಿ ಕಲಶಗಳ ಸವಾಲಿಗೆ ಸಮಾಜವು ಉದಾರವಾಗಿ ಕೈಬಿಚ್ಚುತ್ತದೆ, ಅದು ಸ್ತುತ್ಯರ್ಹ. ಆದರೆ ಉತ್ಸವ ಮುಗಿದು ಹಂದರ ಕಿತ್ತ ಮೇಲೆ ಮಾಳಿಗೆಯ ನೀರುಬಾರಿಯನ್ನು ಶುಚಿಮಾಡಿಸಲು, ಸಂದಿನ ಸಸಿಯನ್ನು ಕೀಳಿಸಲು, ಭೂಮಿಯ ಉತಾರವನ್ನು ವರ್ಷಕ್ಕೊಮ್ಮೆ ತೆಗೆಸಿ ನೋಡಲು ಹಣವನ್ನು ಗೊತ್ತುಮಾಡಿದ ಬಸದಿಗಳೆಷ್ಟು? ಕೀರ್ದಿಯಲ್ಲಿ ಪೂಜೆಗೆ, ಪ್ರಸಾದಕ್ಕೆ, ಉತ್ಸವಕ್ಕೆ ಖಾತೆಯಿರುವಂತೆ ಖಂಡಸ್ಫುಟಿತಕ್ಕೂ ಒಂದು ಖಾತೆ ಇರಬೇಕು. ಅಸಲನ್ನು ಮುಟ್ಟದೆ ಬಡ್ಡಿಯಿಂದ ಆ ಕೆಲಸ ನಡೆಯಬೇಕು. ಬಸದಿಯ ದಸ್ತಾವೇಜುಗಳ ಎರಡು ಪ್ರತಿಗಳು ಎರಡು ಕಡೆ ಇರಬೇಕು. ಅಣ್ಣಿಗೇರಿ-ಗಾವರವಾಡಗಳ ಹಿರಿಯರು ಮಾಡಿದ್ದೂ ಇದನ್ನೇ.

ಹೊಸ ಬಸದಿಯನ್ನು ಕಟ್ಟುವ ಪ್ರತಿಯೊಂದು ಊರಿನ ಸಮಾಜವು ತನ್ನ ನೆರೆಯ ಹಳೆಯ ಬಸದಿಯೊಂದರ ಯೋಗಕ್ಷೇಮವನ್ನೂ ವಹಿಸಿಕೊಂಡರೆ ಅದಕ್ಕಿಂತ ಮಿಗಿಲಾದ ಪ್ರಭಾವನೆ ಇನ್ನಾವುದು? ವರ್ಷಕ್ಕೊಂದು ಸಲ ಹುಬ್ಬಳ್ಳಿಯ ಯುವಕರೂ ಮಹಿಳಾ ಸಮಾಜದವರೂ ಅದರಗುಂಚಿ, ಗುಡಿಗೇರಿ, ಅಣ್ಣಿಗೇರಿ, ಮುಳಗುಂದಗಳಿಗೆ ಹೋಗಿ, ಅಲ್ಲಿಯ ಗ್ರಾಮಸ್ಥರೊಡನೆ ಕುಳಿತು ಮಾತನಾಡಿ, ಬಿಂಬಗಳ ಮತ್ತು ಶಾಸನಗಳ ಛಾಯಾಚಿತ್ರಗಳನ್ನು ತೆಗೆದು, ಹಿಂದಿನ ವರ್ಷಕ್ಕಿಂತ ಏನು ಕೆಟ್ಟಿದೆ, ಏನು ಉಳಿದಿದೆ ಎಂದು ಬರೆದಿಟ್ಟರೆ ಸಾಕು. ಅದಕ್ಕೆ ಹೆಚ್ಚಿನ ವೆಚ್ಚವಿಲ್ಲ.

ಚಿಕಾರ್ಯನ ಮಗ ಅರಸಾರ್ಯನಾಗಲಿ, ಹಳೆಯ ಪಟ್ಟೆಯನ್ನು ತೆಗೆದು ತೋರಿದ ಶ್ರೀನಂದಿ ಪಂಡಿತರಾಗಲಿ, ಪರರ ಬಸದಿಯನ್ನು ಎತ್ತಿಸಿದ ಹುಳ್ಳರಾಜನಾಗಲಿ ಹೊಸತನ್ನು ಕಟ್ಟಿದುದಕ್ಕಾಗಿ ಮಾತ್ರ ಸ್ಮರಣೀಯರಲ್ಲ; ಇದ್ದುದನ್ನು ಬೀಳಗೊಡದೆ ಮುಂದಿನವರಿಗೆ ಒಪ್ಪಿಸಿದುದಕ್ಕಾಗಿ ಸ್ಮರಣೀಯರು. ಇಂದು ಪ್ರತಿಷ್ಠೆಗೊಳ್ಳುವ ಬಿಂಬದ ಪೀಠದಲ್ಲಿ ದಾನಿಗಳ ಹೆಸರನ್ನು ಕೆತ್ತಿಸುವಾಗ, ಅದರ ಕೆಳಗೆ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಇಟ್ಟ ನಿಧಿಯ ಮೊತ್ತವನ್ನೂ ಅದನ್ನು ನಡೆಸುವ ಹೊಣೆ ಯಾರದೆಂಬುದನ್ನೂ ಕೆತ್ತಿಸಲಿ. ಪೂರ್ವಾಚಾರ್ಯರ ಪದ್ಧತಿಯೂ ಅದೇ. ಮುಂದಿನ ಪೀಳಿಗೆಗೆ ಬೇಕಾದುದೂ ಅದೇ.

ಜಿನಶಾಸನವು ವರ್ಧಿಸಲಿ.